ಎರಡು ಅಂಕದ ನೋವು

ಮೆಂತ್ಯೆ ಪಲ್ಲೆಯ ಎರಡನೆಯ ಸಿವುಡು ಬಿಚ್ಚಿ, ಹಳದಿಗಟ್ಟಿದ ಎಲೆಗಳನ್ನು ಪೇಪರಿನ ಮೇಲೆ ತೆಗೆದು ಹಾಕುತ್ತಿದ್ದಾಗ ನೀಲಾಂಬಿಕಾಳಿಗೆ ಗೇಟಿನ ಸದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಗೇಟಿನಿಂದ ಬಾಗಿಲು ದೂರವೇನಲ್ಲ. ನಾದಿನಿ ಕಸ್ತೂರಿ ಕಂಪೌಂಡಿನ ಗೋಡೆ ಹಿಡಿದು ನಿಂತಿರಬೇಕು ಎಂದು ನೋಡದೆಯೇ ತಿಳಿಯಿತು. ನೀಲಾ ಎದ್ದು ಹೋಗಲಿಲ್ಲ. ಹೋದರೆ ಕಸ್ತೂರಿಗೆ ಸಿಟ್ಟು ಬರುತ್ತಿತ್ತು. ಎಲೆ ಬಿಡಿಸುತ್ತಲೇ ಕಿವಿಯನ್ನು ಬಾಗಿಲ ಕಡೆ ಇಟ್ಟಳು.

ಕಸ್ತೂರಿ ಅಡುಗೆಮನೆಗೆ ಬಂದು, ಖಾಕಿ ಶರ್ಟಿನ ಮೇಲಿನ ಗುಂಡಿ ಬಿಚ್ಚಿ, ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ನೆಲಕ್ಕೆ ಜಾರಿದಳು. ಎರಡೂ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡಳು.

“ಎಷ್ಟು ಬಂತು?” ನೀಲಾ ಕೇಳಿದಳು.

“ಎರಡು.”

“ಬರೇ ಎರಡಾ?”

“ಹೋದ ತಿಂಗಳ ಎರಡೂವರಿ ಇತ್ತಲ್ಲ ವೈನಿ. ಸುಧಾರಿಸೀಯವಾ ಅಂತ ಡಾಕ್ಟರು ಖುಷಿಪಟ್ರು. ಪೇಡೆ ಹಂಚೂದೊಂದು ಬಾಕಿ.”

ನಗಲು ಹೋದಳು. ನಗು ಹೊಟ್ಟೆಗೆ ತಾಗಿ ಮುಖ ಕಿವುಚಿತು.

ಹಾಲಿನಿಂದ ಅತ್ತೆ ಗೌರವ್ವನ ದನಿ ಬಂತು. “ಬಂದಳೇನು? ಎಷ್ಟಂತ?”

“ಎರಡಂತ್ರಿ ಅತ್ತ್ಯಾರ.”

“ನಾ ಹೇಳಿದ್ದಿಲ್ಲೇನು? ಮನಶ್ಯಾರು ಸುಳ್ಳ ಹೇಳಬಹುದು, ಯಂತ್ರ ಯಾಕ ಹೇಳೀತು? ಹೆಣ್ಣಾಗಿ ಹುಟ್ಟಿದ ಮ್ಯಾಲ ಹೊಟ್ಟಿಬ್ಯಾನಿ ಇದ್ದದ್ದ. ನಾ ಏನ ನೌಕರಿ ಬಿಟ್ಟು ಮಲಗಿದ್ದೆನೇನು?”

“ನಿನಗ ಬಿಡಾಕ ನೌಕರಿ ಎಲ್ಲಿತ್ತು ಯವ್ವಾ,” ಕಸ್ತೂರಿ ಕಣ್ಣು ಮುಚ್ಚಿಕೊಂಡೇ ಹೇಳಿದಳು.

“ಬಾಯಿಗೆ ಮಾತ್ರ ಬ್ಯಾನಿ ಇಲ್ಲ ನೋಡು ಇಕಿಗೆ.”

ಕಸ್ತೂರಿ ಸಿಟಿ ಬಸ್ಸಿನ ಕಂಡಕ್ಟರ್. ಹುಬ್ಬಳ್ಳಿ ಧಾರವಾಡದ ನಡುವೆ ನಿಂತುಕೊಂಡೇ ಓಡಾಡುವ ಕೆಲಸ. ಮದುವೆ ಬೇಡ ಎಂದು ಹಟ ಹಿಡಿದು ನೌಕರಿ ಸೇರಿದವಳು; ಚಿಲ್ಲರೆ ಕೊಡದವರನ್ನೂ ಬಾಗಿಲಲ್ಲಿ ಜೋತಾಡುವವರನ್ನೂ ಬಾಯಲ್ಲೇ ಒಳಗೆ ತಳ್ಳುವವಳು. ಎರಡು ವರ್ಷದಿಂದ ಅವಳ ಹೊಟ್ಟೆಯೊಳಗೆ ಯಾರೋ ಹಗ್ಗ ಹೊಸೆಯುತ್ತಿದ್ದರು. ಮೊದಲು ಮುಟ್ಟಿನ ದಿನಗಳಲ್ಲಿ ಮಾತ್ರ, ಈಗೀಗ ಮುಕ್ಕಾಲು ತಿಂಗಳು. ಗರ್ಭಕೋಶದ ಒಳಪದರ ಬೆಳೆಯಬಾರದ ಕಡೆ ಬೆಳೆದಿರಬಹುದು, ಒಳಗೆ ದುರ್ಬೀನು ಹಾಕಿ ನೋಡಬೇಕು ಎಂದು ಒಬ್ಬ ಡಾಕ್ಟರು ಬರೆದುಕೊಟ್ಟಿದ್ದರು. ಆದರೆ ಸರಕಾರದ ಯೋಜನೆಯಲ್ಲಿ ಅದು ನಡೆಯಬೇಕಾದರೆ ನೋವು ಅಳೆಯುವ ಯಂತ್ರ ಕೊಡುವ ವೇದನಾಂಕ ನಾಲ್ಕು ದಾಟಬೇಕು. ನಾಲ್ಕರ ಕೆಳಗೆ ಸ್ಕ್ಯಾನಿಂಗ್ ಇಲ್ಲ, ಆಪರೇಶನ್ ಇಲ್ಲ, ಕೆಲಸಕ್ಕೆ ರಜೆಯೂ ಇಲ್ಲ.

“ಡಿಪೋದಾಗ ಏನಂದ್ರು?”

“ಎರಡು ಅಂದ್ರ ಬೂಟು ಕಚ್ಚಿದಂಗ, ಬೂಟು ಕಚ್ಚೇದಂತ ಯಾರರ ರಜಾ ಕೊಡತಾರೇನವಾ ಅಂದ್ರು.” ಕಸ್ತೂರಿ ಮೊಣಕಾಲ ಮೇಲೆ ಗಲ್ಲ ಊರಿದಳು. ಆಮೇಲೆ, ಅವಳ ದನಿಯೇ ಅಲ್ಲ ಅನ್ನುವಷ್ಟು ಸಣ್ಣಗೆ, “ವೈನಿ, ನಾ ಸುಳ್ಳ ಹೇಳಾಕತ್ತೇನೇನು? ಖರೇನ ಬ್ಯಾನಿ ಐತೋ, ಅಥವಾ ನಾನ ಹಂಗ ಅಂದ್ಕೊಂಡೇನೋ? ಈಗೀಗ ನನಗ ನನ್ನ ಮ್ಯಾಲ ಸಂಶಯ ಬರಾಕತ್ತೈತಿ,” ಎಂದಳು.

ನೀಲಾ ಕೈಯಲ್ಲಿದ್ದ ದಂಟನ್ನು ಎಲೆಯ ಬುಟ್ಟಿಗೆ ಹಾಕಿದ್ದಳು. ಅದನ್ನು ಹುಡುಕಿ ತೆಗೆಯುವ ನೆಪದಲ್ಲಿ ತಲೆ ಬಗ್ಗಿಸಿದಳು. ಆ ಎರಡು ಅನ್ನುವ ಅಂಕವನ್ನು ಕೊಟ್ಟ ಗಣಿತ ಅವಳದೇ ಆಗಿತ್ತು.

*

ಧಾರವಾಡದ ಹೊರಗಿನ ಗುಡ್ಡದ ಮೇಲಿರುವ ವೇದನಾ ಮಾಪನ ಕೇಂದ್ರದಲ್ಲಿ ನೀಲಾ ಸಂಖ್ಯಾಶಾಸ್ತ್ರಜ್ಞೆ. ಅಲ್ಲಿ ತಯಾರಾದದ್ದು ಕಿವಿಯ ಹಿಂದೆ ಅಂಟಿಸುವ ನಾಣ್ಯದಗಲದ ಬಿಲ್ಲೆ. ಅದರ ಅಡಿಯಲ್ಲಿರುವ ಕೂದಲಿಗಿಂತ ತೆಳುವಾದ ಸೂಜಿಗಳು ಚರ್ಮದ ಬೆವರಿನಲ್ಲಿರುವ ರಾಸಾಯನಿಕಗಳನ್ನು ಅಳೆಯುತ್ತವೆ, ನರದಲ್ಲಿ ಹರಿಯುವ ವಿದ್ಯುತ್ತಿನ ಅಲೆಯನ್ನು ಹಿಡಿಯುತ್ತವೆ. ಎರಡನ್ನೂ ಸೇರಿಸಿ ಗಣಿತ ಒಂದು ಅಂಕ ಕೊಡುತ್ತದೆ, ಸೊನ್ನೆಯಿಂದ ಹತ್ತರವರೆಗೆ. ಮಾತು ಬಾರದ ಕೂಸುಗಳ ನೋವು, ಲಕ್ವಾ ಹೊಡೆದು ಬಾಯಿ ನಿಂತವರ ನೋವು ತಿಳಿಯಲಿ ಎಂದು ಶುರುವಾದ ಸಂಶೋಧನೆ ಅದು. ಅದು ಮಾತು ಬರುವವರ ಬಾಯನ್ನೂ ಮುಚ್ಚಿಸೀತು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಯಂತ್ರಕ್ಕೆ ನೋವೆಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ಯಾವ ಅಲೆ ಎದ್ದಾಗ ಜನ ಎಷ್ಟು ಅಂಕ ಹೇಳಿದರು ಎಂಬುದು. ಸಾವಿರಾರು ಮಂದಿಯನ್ನು ಕೂರಿಸಿ, ಬಿಲ್ಲೆ ಅಂಟಿಸಿ, ಅವರವರ ನೋವಿಗೆ ಅವರಿಂದಲೇ ಅಂಕ ಹೇಳಿಸಿ ಯಂತ್ರಕ್ಕೆ ಕಲಿಸಿದ್ದರು. ಲೆಕ್ಕ ಹಾಕುವಾಗ ಒಂದು ಸಂಗತಿ ಎದ್ದು ಕಂಡಿತು. ಗಂಡಸರು ಏಳು, ಎಂಟು ಎಂದ ಅಲೆಗೇ ಹೆಂಗಸರು ಎರಡು, ಮೂರು ಎಂದಿದ್ದರು. ಒಬ್ಬರಿಬ್ಬರಲ್ಲ, ಊರಿಗೆ ಊರೇ. ನೀಲಾ ಮೂರು ಸಲ ಲೆಕ್ಕ ಹಾಕಿದಳು. ತಪ್ಪಿರಲಿಲ್ಲ. ನಮ್ಮ ಹೆಂಗಸರಿಗೆ ನೋವು ತಡೆಯುವ ಶಕ್ತಿ ಹುಟ್ಟಿನಿಂದಲೇ ಹೆಚ್ಚು ಎಂದು ಕೇಂದ್ರದ ನಿರ್ದೇಶಕ ಡಾ. ಮಧುಕರ ಯಲಿಗಾರ ಪ್ರಬಂಧ ಬರೆದರು. ‘ನಮ್ಮ ಹೆಣ್ಣುಮಕ್ಕಳ ನರನಾಡಿಗಳಲ್ಲೇ ಸಹನೆ’ ಎಂದು ಪತ್ರಿಕೆಗಳು ಹೊಗಳಿದವು. ಆ ತಲೆಬರಹ ಈಗ ಕೇಂದ್ರದ ಮೊಗಸಾಲೆಯಲ್ಲಿ ಗಾಜಿನ ಕಟ್ಟಿನೊಳಗೆ ತೂಗುತ್ತಿದೆ. ಯಂತ್ರದಲ್ಲಿ ಹೆಂಗಸರಿಗೆ ಬೇರೆ ಸಾಲು ಮಾಡಿದರು. ಹೆಣ್ಣು ಎಂದು ತುಂಬಿದರೆ ಯಂತ್ರ ಹೆಂಗಸರು ಹೇಳಿದ ಅಂಕಗಳಲ್ಲಿ ಮಾತ್ರ ಹುಡುಕಬೇಕು. ಅದಕ್ಕೆ ‘ಸಹನೆಯ ತಿದ್ದುಪಡಿ’ ಎಂಬ ಹೆಸರೂ ಬಂತು.

ಪರೀಕ್ಷೆ ನಡೆಯುವ ಕೋಣೆಗೆ ನೀಲಾ ಹೋಗುತ್ತಿರಲಿಲ್ಲ. ಅವಳ ಬಳಿಗೆ ಬರುತ್ತಿದ್ದುದು ಅಂಕಗಳು ಮಾತ್ರ. ಆ ವಾರ ತಂತ್ರಜ್ಞೆ ಬಾಣಂತನದ ರಜೆಗೆ ಹೋಗಿದ್ದರಿಂದ ಹೊಸ ತಂಡದ ಕೆಲವರನ್ನು ಅವಳೇ ಕೂರಿಸಬೇಕಾಯಿತು.

ಕುಂದಗೋಳದ ಕಡೆಯಿಂದ ಬಂದ ರೇಣವ್ವ ಬಿಳುಚಿದ ಮುಖದ ಹೆಂಗಸು. ಬಲಗೈಯನ್ನು ಸೆರಗಿನೊಳಗೆ ಎದೆಗೆ ಒತ್ತಿ ಹಿಡಿದಿದ್ದಳು. ಭುಜ ಹಿಡಿದುಕೊಂಡು ವರ್ಷವಾಗಿತ್ತು. ಪಕ್ಕದ ಕುರ್ಚಿಯಲ್ಲಿ ಅವಳ ಅತ್ತೆ. ಅದು ನಿಯಮ. ಹೆಂಗಸರನ್ನು ಮುಚ್ಚಿದ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ ಪರೀಕ್ಷೆ ಮಾಡಬಾರದು, ಮನೆಯವರೊಬ್ಬರು ಜೊತೆಗಿರಬೇಕು ಎಂದು ನೀತಿ ಸಮಿತಿ ಹೇಳಿತ್ತು. ಹೆಂಗಸರ ಮಾನ ಕಾಯಲೆಂದೇ ಮಾಡಿದ ನಿಯಮ. ಗಂಡಸರಿಗೆ ಅದು ಬೇಕಾಗಿರಲಿಲ್ಲ.

ನೀಲಾ ಬಿಲ್ಲೆ ಅಂಟಿಸಿ, ಪರದೆಯ ಮೇಲಿದ್ದ ಪ್ರಶ್ನೆಯನ್ನು ಓದಿದಳು. ಈಗ ನಿಮಗಿರುವ ನೋವಿಗೆ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಿ?

ರೇಣವ್ವ ಅತ್ತೆಯ ಕಡೆ ನೋಡಿದಳು.

“ಹೇಳವಾ, ಅಕ್ಕಾರು ಕೇಳಾಕತ್ತಾರ,” ಎಂದಳು ಅತ್ತೆ.

“ಅಷ್ಟೇನಿಲ್ರಿ. ಒಂದ ಎರಡ ಹಾಕ್ರಿ.”

“ಎರಡ್ಯಾಕ, ಒಂದ ಹಾಕ್ರಿ!” ಅತ್ತೆ ನಕ್ಕಳು. “ನಿನ್ನಿ ಎರಡ ಚೀಲ ಮೆಣಸಿನಕಾಯಿ ತೊಟ್ಟು ಮುರದಾಳ. ಗಟ್ಟಿ ಆಳು ರೀ ನಮ್ಮ ಸೊಸಿ.”

ಅದು ಬೈಗುಳವಲ್ಲ, ಹೊಗಳಿಕೆ. ಹೊಗಳಿಸಿಕೊಂಡ ರೇಣವ್ವನ ಮುಖ ಅರಳಿತು ಕೂಡ. ನೀಲಾ ಎರಡು ಎಂದು ತುಂಬಿದಳು. ಅಷ್ಟರಲ್ಲಿ ಚಹಾ ಬಂದಿದೆ ಎಂದು ಯಾರೋ ಹೊರಗಿನಿಂದ ಕೂಗಿದರು. ಅತ್ತೆ ಎಲೆ ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಗಿಸಿಕೊಂಡು ಎದ್ದು ಹೋದಳು. ಬಾಗಿಲು ಮುಚ್ಚಿತು.

“ಅಕ್ಕಾರ,” ಎಂದಳು ರೇಣವ್ವ, “ಈಗ ಕೇಳ್ರಿ.”

“ಏನು?”

“ಆಗ ಕೇಳಿದ್ರೆಲ್ಲ, ಅದನ್ನ. ಈಗ ಕೇಳ್ರಿ.”

ನೀಲಾ ಮತ್ತೊಮ್ಮೆ ಕೇಳಿದಳು.

“ಒಂಬತ್ತು. ಮಲಗಿದಾಗ ಮಗ್ಗಲ ಬದಲಸಬೇಕಂದ್ರ ಸೆರಗ ಬಾಯಾಗ ಕಚ್ಚಿಕೊಂತೇನ್ರಿ, ಸಪ್ಪಳ ಆಗಬಾರದಂತ. ತಲಿ ಹಿಕ್ಕೊಳ್ಳಾಕ ಕೈ ಮ್ಯಾಲ ಏಳಂಗಿಲ್ಲ. ಮಗಳು ಹಿಕ್ಕತಾಳ.”

“ಮತ್ತ ಆಗ ಎರಡು ಅಂದ್ರೆಲ್ಲ?”

ರೇಣವ್ವ ಅವಳನ್ನು ಒಂದು ಕ್ಷಣ ನೋಡಿದಳು, ಇಷ್ಟು ಓದಿದವಳಿಗೆ ಇದೂ ತಿಳಿಯದೇ ಎಂಬಂತೆ. “ಅವರ ಮುಂದ ಒಂಬತ್ತು ಅಂದ್ರ, ಈ ಸೊಸಿ ಇನ್ನ ದುಡಿಯಾಕ ಬರಂಗಿಲ್ಲ ಅಂತ ಆಗೂದಿಲ್ಲೇನ್ರಿ? ಕೆಟ್ಟವರಲ್ರಿ ಅವರು. ಆದರೂ.” ಬಾಗಿಲ ಕಡೆ ಕಣ್ಣು ಹಾಯಿಸಿ, “ಬರದದ್ದನ್ನ ತಿದ್ದಬ್ಯಾಡ್ರಿ ಮತ್ತ. ಎರಡ ಇರಲಿ,” ಎಂದಳು.

ಎರಡು ಎಂದಾಗಲೂ ಒಂಬತ್ತು ಎಂದಾಗಲೂ ಪರದೆಯ ಮೇಲಿನ ಅಲೆ ಹಾಗೆಯೇ ಇತ್ತು. ಎತ್ತರವಾಗಿ, ಹಲ್ಲು ಹಲ್ಲಾಗಿ.

ಮಧ್ಯಾಹ್ನದ ಊಟ ಬಿಟ್ಟು ನೀಲಾ ಹಳೆಯ ದತ್ತಾಂಶವನ್ನೆಲ್ಲ ತೆರೆದಳು. ಕೋಣೆಯ ಕ್ಯಾಮೆರಾ ಒಳಗೆ ಎಷ್ಟು ಜನರಿದ್ದರು ಎಂಬುದನ್ನು ತಾನಾಗಿಯೇ ಗುರುತಿಸುತ್ತಿತ್ತು. ಯಾರೂ ಅದನ್ನು ಎಂದೂ ನೋಡಿರಲಿಲ್ಲ, ಅವಳೂ. ಜೊತೆಯವರು ಎದ್ದು ಹೋಗಿದ್ದಾಗ ಅಂಕ ಹೇಳಿದ ಹೆಂಗಸರನ್ನು ಬೇರೆ ಮಾಡಿದಳು. ಬಹಳ ಮಂದಿ ಇರಲಿಲ್ಲ. ಚಹಾಕ್ಕೆ ಹೋದವರು, ಫೋನು ಬಂತೆಂದು ಹೊರಗೆ ಹೋದವರು. ಆ ಕುರ್ಚಿ ಖಾಲಿಯಿದ್ದಾಗ ಹೆಂಗಸರು ಹೇಳಿದ ಅಂಕಕ್ಕೂ ಗಂಡಸರು ಹೇಳಿದ ಅಂಕಕ್ಕೂ ವ್ಯತ್ಯಾಸವೇ ಇರಲಿಲ್ಲ.

ಸಹನೆ ನರದಲ್ಲಿ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿತ್ತು.

ನೀಲಾಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಗಂಡನೆದುರು, ತಾಯಿಯೆದುರು, ಅತ್ತೆಯೆದುರು ಹೆಣ್ಣು ಹೇಳುವ ‘ಅಷ್ಟೇನಿಲ್ಲ’ ಎಂಬ ಮಾತು ಮನೆಯೊಳಗಿನದು. ಹೇಳಿದವಳಿಗೂ ಗೊತ್ತು, ಕೇಳಿದವರಿಗೂ ಒಳಗೊಳಗೆ ಗೊತ್ತು. ಅದನ್ನು ಅಳತೆಯೆಂದು ಬರೆದುಕೊಂಡು, ವಿಜ್ಞಾನವೆಂದು ಅಚ್ಚು ಹಾಕಿಸಿ, ಗಾಜಿನ ಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದರು. ಈಗ ಅದೇ ಮಾತು ಆಸ್ಪತ್ರೆಯಿಂದ ತಿರುಗಿ ಬಂದು ಕಸ್ತೂರಿಗೆ, ನಿನಗೆ ಅಷ್ಟೇನಿಲ್ಲ ಎಂದು ಹೇಳುತ್ತಿತ್ತು.

*

“ಕೂಡ್ರಿ, ಕೂಡ್ರಿ,” ಎಂದರು ಯಲಿಗಾರ. ಅವರು ಸಿಡುಕಿನವರಲ್ಲ. ಕೈಕೆಳಗಿನವರ ಮಕ್ಕಳ ಹೆಸರೆಲ್ಲ ನೆನಪಿಟ್ಟುಕೊಳ್ಳುವ ಮನುಷ್ಯ. ನೀಲಾ ಹೇಳಿದ್ದನ್ನೆಲ್ಲ ಕೇಳಿ, ಅವಳು ತಂದ ನಕ್ಷೆಗಳನ್ನು ಒಂದೊಂದಾಗಿ ನೋಡಿ, ಕನ್ನಡಕ ತೆಗೆದಿಟ್ಟರು.

“ಚಹಾ ಕುಡಿಯಾಕ ಹೋದವರನ್ನ ನಂಬಿಕೊಂಡು ಇಡೀ ರಾಜ್ಯದ ಯೋಜನಾ ನಿಲ್ಲಸೂಣಂತೀರೇನು ಮೇಡಮ್?”

“ಅವರನ್ನ ನಂಬಬ್ಯಾಡ್ರಿ ಸರ್. ಹೆಣ್ಣಮಕ್ಕಳನ್ನ ಒಬ್ಬೊಬ್ಬರನ್ನ ಕೂಡ್ರಿಸಿ ಮತ್ತೊಮ್ಮೆ ಕೇಳೂಣು.”

“ಮೂರು ವರ್ಷದ ಕೆಲಸ ಅದು. ಸೋಮವಾರ ಮಂತ್ರಿಗಳು ಬರತಾರ. ಇಲ್ಲೀತನಕ ನಮ್ಮ ಜಿಲ್ಲಾದಾಗ ಅಷ್ಟ ಇತ್ತು, ಇನ್ನ ಎಲ್ಲಾ ಜಿಲ್ಲಾಕ್ಕೂ ಬಿಲ್ಲೆ ಹೋಗತಾವು.”

“ಅದಕ್ಕ ಈಗ ಹೇಳಾಕತ್ತೇನ್ರಿ.”

ಯಲಿಗಾರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ನೀವು ಹೇಳೂದು ಖರೇ ಅಂತ ಇಟ್ಕೊಳ್ಳೂಣು. ನಾಳೆ ಹೆಣ್ಣಮಕ್ಕಳ ಅಂಕ ಎಲ್ಲಾ ಮೂರು ಪಟ್ಟಾತು. ಎಲ್ಲಾರೂ ನಾಲ್ಕು ದಾಟಿದ್ರು. ಅಷ್ಟು ಮಂದಿಗೆ ಹಾಸಿಗಿ ಎಲ್ಲಿಂದ ತರೂದು? ಡಾಕ್ಟರು ಎಲ್ಲಿಂದ ತರೂದು?”

ಹಾಗಾದರೆ ಇದು ಇವರಿಗೆ ತಪ್ಪಾಗಿ ಕಾಣುತ್ತಲೇ ಇಲ್ಲ, ನೀಲಾ ಅಂದುಕೊಂಡಳು. ಉಳಿತಾಯವಾಗಿ ಕಾಣುತ್ತಿದೆ. “ಗಂಡಸರಿಗೆ ತಂದೀರಲ್ರಿ ಸರ್,” ಎಂದಳು.

ಅವರು ನಕ್ಕರು. ಮಕ್ಕಳ ಮಾತಿಗೆ ನಗುವ ಹಾಗೆ. “ನಿಮ್ಮ ನಾದಿನಿಗೆ ಆರಾಮಿಲ್ಲ ಅಂತ ನಿಮ್ಮ ಯಜಮಾನ್ರು ಗಂಗಾಧರ ಅವರು ಸಿಕ್ಕಾಗ ಹೇಳಿದ್ರು. ಎರಡು ಬಂದೇತಿ ಅಲ್ಲ? ನಿರ್ದೇಶಕರ ವಿಶೇಷ ಶಿಫಾರಸು ಅಂತ ಒಂದು ದಾರಿ ಐತಿ. ಅಂಕ ನೋಡಂಗಿಲ್ಲ. ಇವತ್ತ ಕಳಸತೇನಿ, ಶುಕ್ರವಾರ ಆಪರೇಶನ್ ಮಾಡಿ ಮುಗಸತಾರ.” ಆಮೇಲೆ ಅಷ್ಟೇ ಮೆತ್ತಗೆ, “ಈ ಚಹಾದ ವಿಷಯ ಮಾತ್ರ ಸೋಮವಾರ ಆಗೂತನಕ ಯಾರ ಮುಂದೂ ಮಾತಾಡಬ್ಯಾಡ್ರಿ. ಆಮ್ಯಾಲ ಸಾವಕಾಶ ನೋಡೂಣು,” ಎಂದರು.

ಗೋಡೆ ಹಿಡಿದು ನಿಂತ ಕಸ್ತೂರಿ ನೀಲಾಳ ಕಣ್ಣಿಗೆ ಕಟ್ಟಿದಳು. ಈ ಮನುಷ್ಯನ ಮುಂದೆ ಇಲ್ಲ ಎಂದರೆ ನಾಳೆಯೂ ಅವಳು ಹಾಗೆಯೇ ನಿಲ್ಲಬೇಕು, ನಾಡಿದ್ದೂ.

“ಆಗಲಿ ಸರ್. ಮಾತಾಡಂಗಿಲ್ಲ,” ಎಂದಳು. ನಕ್ಷೆಗಳನ್ನು ಸುತ್ತಿಕೊಂಡು ಮೆಟ್ಟಿಲಿಳಿದಳು.

ಮನೆಯಲ್ಲಿ ಸುದ್ದಿ ಕೇಳಿ ಗೌರವ್ವ ಮೊದಲು ನಂಬಲಿಲ್ಲ. “ಎರಡಕ್ಕ ಆಪರೇಶನ್ ಹೆಂಗ ಕೊಟ್ರು? ಭಾರೀ ವಶೀಲಿ ಐತಿ ಬಿಡವಾ ನಿಂದು.” ಗಂಡ ಗಂಗಾಧರ, ಯಲಿಗಾರರು ದೊಡ್ಡ ಮನಸ್ಸಿನವರು ಎಂದು ಎರಡು ಸಲ ಹೇಳಿದ. ಕಸ್ತೂರಿ ಮಾತ್ರ ಹಾಸಿಗೆಯಿಂದಲೇ ನೀಲಾಳನ್ನು ನೋಡುತ್ತಿದ್ದಳು.

“ವೈನಿ, ನನ್ನ ಬ್ಯಾನಿ ನಂಬಿ ಕೊಟ್ಟಾರೋ, ನಿಮ್ಮ ಮಾರಿ ನೋಡಿ ಕೊಟ್ಟಾರೋ?”

“ಮೊದಲ ಆರಾಮ ಆಗು. ಆಮ್ಯಾಲ ಜಗಳಾಡೂಣು.”

“ಅಂದ್ರ ಮಾರಿ ನೋಡಿ,” ಎಂದು ಕಸ್ತೂರಿ ಗೋಡೆಯ ಕಡೆ ಹೊರಳಿದಳು.

*

ಶುಕ್ರವಾರ ಆಪರೇಶನ್ ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ನಡೆಯಿತು. ಹೊರಗೆ ಬಂದ ಡಾಕ್ಟರು ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು. ದುರ್ಬೀನಿನಲ್ಲಿ ಆಗುವ ಕೆಲಸವಾಗಿರಲಿಲ್ಲ, ಹೊಟ್ಟೆಯನ್ನೇ ತೆರೆಯಬೇಕಾಯಿತು ಎಂದರು. ಗರ್ಭಕೋಶವೂ ಕರುಳೂ ಒಂದಕ್ಕೊಂದು ಅಂಟಿ ಗಂಟಾಗಿದ್ದವು. ಬಿಡಿಸಿದ್ದೇವೆ, ಜೀವಕ್ಕೆ ಭಯವಿಲ್ಲ. ಆಮೇಲೆ ಗೌರವ್ವನ ಕಡೆ ತಿರುಗಿ, “ಇದನ್ನ ಹೊಟ್ಟ್ಯಾಗ ಇಟ್ಟುಕೊಂಡು ಬಸ್ಸಿನ್ಯಾಗ ಹೆಂಗ ನಿಲ್ಲತಿದ್ದಳವಾ ನಿನ್ನ ಮಗಳು?” ಎಂದು ಕೇಳಿದರು.

“ಆಕಿ ಹೇಳಲೇ ಇಲ್ರಿ,” ಎಂದಳು ಗೌರವ್ವ.

ನೀಲಾ ಅತ್ತೆಯ ಕಡೆ ನೋಡಿದಳು. ಗೌರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತುತ್ತಲೇ, ಯಾರಿಗೂ ಅಲ್ಲವೆಂಬಂತೆ, “ಹೇಳಿದ್ದಳು,” ಎಂದಳು.

ಸಂಜೆಗೆ ಅರಿವಳಿಕೆ ಇಳಿಯಿತು. ಹೆಂಗಸರ ವಾರ್ಡಿನಲ್ಲಿ ಸಾಲು ಹಾಸಿಗೆ, ಎಲ್ಲರ ಕಿವಿಯ ಹಿಂದೆಯೂ ಒಂದೊಂದು ಬಿಲ್ಲೆ. ಕಸ್ತೂರಿಯ ತುಟಿ ಬಣ್ಣಗೆಟ್ಟಿತ್ತು. ಮೊದಲು ಮುಲುಗಿದಳು, ಆಮೇಲೆ ಮುಲುಗಲೂ ಆಗದೆ ಮಂಚದ ಸರಳನ್ನು ಹಿಡಿದುಕೊಂಡಳು. ಹೊಟ್ಟೆಯ ಪಟ್ಟಿ ಏರಿ ಇಳಿಯುತ್ತಿತ್ತು. ನೀಲಾ ಓಡಿ ಹೋಗಿ ನರ್ಸನ್ನು ಕರೆತಂದಳು.

ನರ್ಸು ಟ್ಯಾಬಿನಲ್ಲಿ ನೋಡಿ ತುಟಿ ಕಚ್ಚಿದಳು. “ಎರಡು ತೋರಸಾಕತ್ತೇತ್ರಿ ಮೇಡಮ್.”

“ಹೊಟ್ಟಿ ಕೊಯ್ದು ಹೊಲಿದಾರವಾ! ಎರಡ ಹೆಂಗಿರತೈತಿ?”

“ನನಗ ಕಾಣಸೂದಿಲ್ಲೇನ್ರಿ? ಆದರ ನಾ ಏನ ಮಾಡ್ಲಿ? ನಾಲ್ಕು ದಾಟಲಿಲ್ಲಂದ್ರ ಇಂಜೆಕ್ಷನ್ ಕಪಾಟ ತೆರಿಯೂದ ಇಲ್ಲ. ಕೀಲಿ ನಮ್ಮ ಕೈಯಾಗ ಇಲ್ರಿ, ಅಂಕದ ಕೈಯಾಗ ಐತಿ.” ದನಿ ತಗ್ಗಿಸಿದಳು. “ಈ ವಾರ್ಡಿನ್ಯಾಗ ದಿನಾ ಇದ ಹಾಡು. ಎಲ್ಲಾರೂ ಎರಡು, ಮೂರು. ಕೆಳಗ ಗಂಡಸರ ವಾರ್ಡಿನ್ಯಾಗ ಕಪಾಟ ಮುಚ್ಚೂದ ಇಲ್ಲ.”

ಶಿಫಾರಸು ಕಸ್ತೂರಿಯನ್ನು ಬಾಗಿಲೊಳಗೆ ತಂದಿತ್ತು, ಅಷ್ಟೇ. ಒಳಗೆ ಬಂದ ಮೇಲೆ ಅವಳು ಮತ್ತೆ ಹೆಂಗಸರ ಸಾಲಿಗೇ ಸೇರಿದ್ದಳು.

“ವೈನಿ,” ಕಸ್ತೂರಿ ಕಣ್ಣು ತೆರೆಯದೆ ಹೇಳಿದಳು, “ಈಗೂ ಎರಡ ಏನು?”

“ಆ ಟ್ಯಾಬ ಕೊಡವಾ ಇಲ್ಲೆ,” ಎಂದಳು ನೀಲಾ.

ರೋಗಿಯ ವಿವರದ ಪುಟ ಅವಳಿಗೆ ಅಂಗೈಯಷ್ಟು ಪರಿಚಿತ. ಹೆಸರು, ವಯಸ್ಸು, ತೂಕ, ಲಿಂಗ. ‘ಹೆಣ್ಣು’ ಎಂದಿದ್ದ ಕಡೆ ಬೆರಳಿಟ್ಟು, ‘ಗಂಡು’ ಎಂದು ಬದಲಿಸಿದಳು. ಇಷ್ಟು ವರ್ಷಗಳಲ್ಲಿ ಯಾರೂ ಇದನ್ನು ಮಾಡಿ ನೋಡಿರಲಿಲ್ಲ. ಹೆಣ್ಣನ್ನು ಗಂಡೆಂದು ಬರೆದುಕೊಳ್ಳುವ ಅಗತ್ಯ ಯಾರಿಗೆ ಬಿದ್ದಿತ್ತು?

ಅಂಕ ಒಂದು ಕ್ಷಣ ಅಳಿಸಿಹೋಯಿತು. ಅದೇ ಅಲೆ, ಅದೇ ಬೆವರು, ಅದೇ ಹೊಟ್ಟೆ. ಪರದೆಯ ಮೇಲೆ ಎಂಟು ಮೂಡಿತು. ವಾರ್ಡಿನ ತುದಿಯಲ್ಲಿ ಕಪಾಟಿನ ಕೀಲಿ ಕಟ್ ಎಂದು ಬಿಚ್ಚಿಕೊಂಡಿತು.

ನರ್ಸು ಆ ಕಡೆಗೂ ಪರದೆಯ ಕಡೆಗೂ ನೋಡಿ, ಏನೂ ಕೇಳದೆ ಓಡಿಹೋಗಿ ಸಿರಿಂಜು ತಂದಳು. ಇಂಜೆಕ್ಷನ್ ಇಳಿದ ಮೇಲೆ ಕಸ್ತೂರಿಯ ಬೆರಳುಗಳು ಒಂದೊಂದಾಗಿ ಸರಳನ್ನು ಬಿಟ್ಟವು.

ಇಷ್ಟು ಹೊತ್ತೂ ಕಾಲ ದೆಸೆಯಲ್ಲಿ ನಿಂತಿದ್ದ ಗೌರವ್ವ ಹತ್ತಿರ ಬಂದಳು. ಅವಳಿಗೆ ಓದಲು ಬರುವುದಿಲ್ಲ, ಅಂಕೆ ಬರುತ್ತದೆ. “ಏನ ಮಾಡಿದಿ ನೀಲವ್ವಾ? ಎರಡ ಇದ್ದದ್ದು ಎಂಟ ಹೆಂಗಾತು?”

“ಗಂಡಸು ಅಂತ ಬರದ್ನಿರಿ.”

“ಬರೇ ಅಷ್ಟ?”

“ಬರೇ ಅಷ್ಟ.”

ಗೌರವ್ವ ಮಗಳ ಹಣೆಯ ಮೇಲಿನ ಬೆವರನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು. “ಹಂಗಾದ್ರ,” ಎಂದಳು ಕೊನೆಗೆ, “ನಂದು ಎಷ್ಟಿತ್ತು?”

ಅಂಥ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಆಚೆ ಮಂಚದಲ್ಲಿ ಒಬ್ಬ ಹುಡುಗಿ ದಿಂಬು ಕಚ್ಚಿಕೊಂಡು ಮಲಗಿದ್ದಳು. ನರ್ಸು ಟ್ಯಾಬನ್ನು ಎದೆಗೊತ್ತಿಕೊಂಡು ಆ ಮಂಚದ ಕಡೆ ನಡೆದಳು.

*

ಕಾರಿಡಾರಿನಲ್ಲಿ ನಿಂತು ನೀರು ಕುಡಿಯುತ್ತಿದ್ದಾಗ ಯಲಿಗಾರರ ಫೋನು ಬಂತು.

“ಹೆಂಗಾತ್ರಿ ಮೇಡಮ್? ಎಲ್ಲಾ ಸುಸೂತ್ರ?”

“ಆತ್ರಿ ಸರ್. ಹೊಟ್ಟಿ ತೆರದ್ರು. ಒಳಗ ಎಲ್ಲಾ ಅಂಟಿಕೊಂಡಿತ್ತಂತ.”

“ಅರೆರೆ! ಇರಲಿ, ಆತಲ್ಲ. ನೋಡ್ರಿ, ಸೋಮವಾರದ್ದೊಂದು ಮಾತು ಇತ್ತು. ಮಂತ್ರಿಗಳು ಪ್ರಾತ್ಯಕ್ಷಿಕೆ ನೋಡಬೇಕಂತಾರ. ಬ್ಯಾರೆಯವರು ಯಾಕಂತ ನಾನ ಕೂಡ್ರಾಂವ. ವೇದಿಕಿ ಮ್ಯಾಲ ಬರ್ಫದ ನೀರಿನ ಬಕೀಟಿನ್ಯಾಗ ಕೈ ಇಡತೇನಿ, ಹಿಂದ ದೊಡ್ಡ ಪರದಾದ ಮ್ಯಾಲ ಅಂಕ ಏರೂದು ಎಲ್ಲಾರಿಗೂ ಕಾಣಸಬೇಕು. ಟಿವಿಯವರೂ ಬರತಾರ. ಬೆಂಗಳೂರಾಗ ಮಾಡಿದಾಗ ಏಳೂವರಿ ಹೋಗಿತ್ತು, ಮಂದಿ ಚಪ್ಪಾಳಿ ಹೊಡದದ್ದ ಹೊಡದದ್ದು.” ನಕ್ಕರು. “ಯಂತ್ರದ ಮುಂದ ನೀವ ಕೂಡ್ರಬೇಕು. ನನ್ನ ವಿವರಾ ನೀವ ತುಂಬ್ರಿ. ಹುಡುಗರ ಕೈಗೆ ಕೊಟ್ರ ಗಡಿಬಿಡಿ ಮಾಡತಾರ.”

“ಆಗಲ್ರಿ.”

“ಆ ಇನ್ನೊಂದು ವಿಷಯ...”

“ನಾ ಏನೂ ಮಾತಾಡಂಗಿಲ್ರಿ ಸರ್. ಒಪ್ಪಿಕೊಂಡೇನಲ್ಲ.”

“ನಿಮ್ಮ ಮ್ಯಾಲ ನನಗ ಪೂರಾ ಭರವಸಾ ಐತಿ,” ಎಂದು ಅವರು ಫೋನಿಟ್ಟರು.

ನೀಲಾ ಕಿಟಕಿಯ ಬಳಿ ನಿಂತಳು. ಕೆಳಗೆ ಆಸ್ಪತ್ರೆಯ ಅಂಗಳದಲ್ಲಿ ಆಂಬುಲೆನ್ಸು ಹಿಂದಕ್ಕೆ ತಿರುಗುತ್ತಿತ್ತು. ಅವಳು ಕೊಟ್ಟ ಮಾತು ಮಾತಾಡುವುದಿಲ್ಲ ಎಂಬುದಷ್ಟೇ. ಅದನ್ನು ಮುರಿಯಬೇಕಾಗಿಯೂ ಇರಲಿಲ್ಲ. ಮಂತ್ರಿಗಳ ಮುಂದೆ, ಟಿವಿಯವರ ಮುಂದೆ, ಬೆನ್ನ ಹಿಂದಿನ ಪರದೆಯನ್ನು ನೋಡಲಾಗದೆ, ಬರ್ಫದ ನೀರಿನಲ್ಲಿ ಕೈಯಿಟ್ಟು ಮುಖ ಕೆಂಪಾಗಿಸಿಕೊಂಡು ಕೂತ ಯಲಿಗಾರರನ್ನು ಅವಳು ಕಂಡಳು. ಹಿಂದೆ ಆಳೆತ್ತರದ ಅಕ್ಷರಗಳಲ್ಲಿ ಅವರ ಹೆಸರು, ವಯಸ್ಸು, ತೂಕ. ಅದರ ಕೆಳಗೆ, ಲಿಂಗ ಎಂದಿರುವ ಕಡೆ, ಏನು ತುಂಬಬೇಕೆಂದು ಅವಳು ಅಲ್ಲಿಯೇ ತೀರ್ಮಾನಿಸಿಬಿಟ್ಟಳು. ಅವರು ಕೈ ತೆಗೆಯುವವರೆಗೆ, ನೋವಾಗುತ್ತಿದೆ, ಯಂತ್ರ ಕೆಟ್ಟಿದೆ ಎಂದು ಅವರೇ ಬಾಯಿಬಿಟ್ಟು ಕೂಗುವವರೆಗೆ, ಆ ಅಕ್ಷರಗಳನ್ನು ಪರದೆಯಿಂದ ಅಳಿಸುವುದಿಲ್ಲ ಎಂದೂ ನಿಶ್ಚಯಿಸಿದಳು. ಮರುದಿನ ನೌಕರಿ ಇರುತ್ತದೋ ಇಲ್ಲವೋ. ಇರಲಿಕ್ಕಿಲ್ಲ.

ಔಷಧದ ಚೀಲ ಹಿಡಿದು ಗಂಗಾಧರ ಮೆಟ್ಟಿಲೇರಿ ಬಂದ. “ಯಾರದು ಫೋನು?”

“ಯಲಿಗಾರ ಸರದು.”

“ಏನಂತ?”

“ಸೋಮವಾರ ಲಗೂನ ಬರ್ರಿ ಅಂದ್ರು.”

“ಛಲೋ ಸೀರಿ ಉಟ್ಕೊಂಡು ಹೋಗು. ಮಂತ್ರಿಗಳು ಬರತಾರಂದ್ರ ಟಿವಿಯವರೂ ಬರತಾರ,” ಎಂದ ಗಂಗಾಧರ.

“ಹೂಂ,” ಎಂದಳು ನೀಲಾ. ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು ವಾರ್ಡಿನೊಳಗೆ ಹೋದಳು.